ಮೂವತ್ತೊಂದನೆಯ ವಾರ

ಸಾಲಗಾಮೆ ರಸ್ತೆಯಲ್ಲಿ ನನ್ನದು ಹಳೇ ಸ್ಕೂಟರಿನ ಅಂಗಡಿ.
ಗಾಡಿಯಾದರೆ ಗೊತ್ತು: ಕಿಕ್ ಹೊಡೆದು ಕಿವಿ ಕೊಡುತ್ತೇನೆ,
ಹೊಗೆ ಮೂಸುತ್ತೇನೆ, ಸೀಟೆತ್ತಿ ತುಕ್ಕಿಗೆ ಉಗುರು ಹಾಕುತ್ತೇನೆ.
ಮೀಟರು ತಿರುಗಿಸಿದ್ದರೂ
ಕಾಲಿಡುವ ರಬ್ಬರಿನ ಸವಕಲು ಸುಳ್ಳಾಡುವುದಿಲ್ಲ.
ಆದರೆ ಒಂದು ವಾರವನ್ನು
ಯಾವ ಬದಿಯಿಂದ ಬಗ್ಗಿ ನೋಡುವುದು?

ಪದ್ಮಲತಾ ಅಮ್ಮನವರು ಮೇಜಿನ ಮೇಲೆ ಹರವಿದ್ದು ಅದನ್ನೇ:
ಚಿಕ್ಕಮಗಳೂರಿನ ಗುಡ್ಡದ ರೆಸಾರ್ಟಿನಲ್ಲಿ
ವರ್ಷಕ್ಕೆ ಏಳು ದಿನ, ಇನ್ನೂ ಹದಿನಾರು ವರ್ಷ.
ಚಿನ್ನದ ಅಂಚಿನ ಫೈಲು, ಒಳಗೆ
ಪಾತ್ರೆ ಅಂಗಡಿಯ ಧರಣೇಂದ್ರಯ್ಯನವರ ಸಹಿ,
ಒಂದೊಂದಕ್ಷರವನ್ನೂ ತೂಗಿ ಇಟ್ಟಂತೆ.

ಅವರು ನೇರ ಕೊಂಡವರು.
ಬಿ.ಎಂ. ರಸ್ತೆಯ ಹೋಟೆಲಿನ ಹಾಲು, ಪುಕ್ಕಟೆ ಊಟದ ಕೂಪನ್ನು,
ಟೈ ಕಟ್ಟಿದ ಹುಡುಗ ನಾಲ್ಕು ತಾಸು ಬಿಡದೆ
ಅಂಕಲ್ ಅಂಕಲ್ ಅಂದನಂತೆ.
"ಈ ರೇಟು ಇವತ್ತು ರಾತ್ರಿವರೆಗೆ ಮಾತ್ರ ಅಂಕಲ್."
ಯಾರಾದರೂ ಸಹಿ ಹಾಕಿದರೆ ಗಂಟೆ ಬಾರಿಸುವುದು,
ಹಾಲಿಗೆ ಹಾಲೇ ಚಪ್ಪಾಳೆ.
"ಇವರಿಗೆ ಜೀವಮಾನದಲ್ಲಿ ಚಪ್ಪಾಳೆ ಬಿದ್ದಿದ್ದು ಅದೊಂದೇ ಸಲ,"
ಅಮ್ಮ ನಕ್ಕರು. "ಮೂರು ಲಕ್ಷದ ಎಂಬತ್ತು ಸಾವಿರ."

ನಾನು ನಲವತ್ತು ಅಂದೆ.
ಅವರು ಐವತ್ತು. ಚಹಾ ಬಂತು. ನಲವತ್ತೈದಕ್ಕೆ ಮಾತು ನಿಂತಿತು.
ವರ್ಗಾವಣೆ ಫೀಸು ನನ್ನದು, ಮೇಂಟೆನೆನ್ಸು ನನ್ನದು,
ಹುಡುಗ ಆ ಸಂಜೆ ಬಾಯಿ ಬಿಡದ ಲೆಕ್ಕ,
ವರ್ಷ ವರ್ಷಕ್ಕೆ ಹಿತ್ತಲಿನ ಸೀಮೆಬದನೆ ಬಳ್ಳಿಯಂತೆ ಹಬ್ಬುವುದು.
ಕೊನೆಗೆ ಎಲ್ಲ ಗಾಡಿಗೂ ಕೇಳುವುದನ್ನೇ ಕೇಳಿದೆ:
ಎಷ್ಟು ಓಡಿದೆ?
"ಒಂದು ದಿನವೂ ಇಲ್ಲ.
ಅವರು ಕೊಟ್ಟಿದ್ದು ಚಾತುರ್ಮಾಸದ ವಾರ. ಮುನಿಗಳು ಊರಲ್ಲಿರುವಾಗ
ಇವರು ಹೊಸ್ತಿಲು ಬಿಡುವವರಲ್ಲ.
ಬಿಲ್ಲು ಮಾತ್ರ ಒಂಬತ್ತು ವರ್ಷ ತಪ್ಪದೆ ಕಟ್ಟಿದರು."

ಶೋರೂಮಿನ ಗೇಟು ದಾಟಿದರೆ ಸಾಕು, ಹೊಸ ಗಾಡಿ ಹಳೆಯದು.
ನನ್ನ ಕಸುಬಿನ ಮೊದಲ ಪಾಠ ಅದು.
ಗೇಟೇ ದಾಟದೆ ಹಳೆಯದಾದದ್ದನ್ನು
ನಾನು ಕಂಡಿರಲಿಲ್ಲ.

ಆಗಸ್ಟಿನಲ್ಲಿ ಶಹತಾಜಳನ್ನು ಕರೆದುಕೊಂಡು ಹೋದೆ.
ಬಾಗಿಲಲ್ಲಿ ಬೋರ್ಡು, ಸೀಮೆಸುಣ್ಣದ ಅಕ್ಷರ, ಸುತ್ತ ಬಳ್ಳಿಯ ಚಿತ್ರ:
ಧರಣೇಂದ್ರಯ್ಯ ದಂಪತಿಗೆ ಸ್ವಾಗತ.
ನಾನು ಇಮ್ದಾದ್ ಅಂದೆ. ಹುಡುಗಿ ಕಂಪ್ಯೂಟರಿಗೆ ಇಣುಕಿ
"ಅಪ್ಡೇಟ್ ಆಗುತ್ತೆ ಸರ್" ಅಂದಳು,
ಆ ಚಳಿಯಲ್ಲಿ ತಣ್ಣನೆಯ ಟವೆಲು ಕೊಟ್ಟಳು.
ಸಂಜೆ ಐದೂವರೆಗೆ ಕದ ತಟ್ಟಿ ತಟ್ಟೆ ಬಂತು:
ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಗೆಡ್ಡೆ ಯಾವುದೂ ಇಲ್ಲ.
ಫಾರಮ್ಮಿನಲ್ಲಿ ಬರೆದಿದೆಯಂತೆ, ಸೂರ್ಯ ಮುಳುಗುವ ಮೊದಲು ಅಂತ.
ಎರಡು ದಿನ ತಿದ್ದಿಸಲು ನೋಡಿದೆ.
ಮೂರನೆಯ ದಿನ ಶಹತಾಜ್, "ಬಿಡಿ, ಹೆಸರುಬೇಳೆ ಚೆನ್ನಾಗಿದೆ."
ರಾತ್ರಿ ಒಂಬತ್ತಕ್ಕೆ ಹಸಿವು.
ಬ್ಯಾಗಿನಿಂದ ಬೇಯಿಸಿದ ಮೊಟ್ಟೆ ತೆಗೆದು ಬಿಡಿಸಿದಳು,
ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ಸುತ್ತಿ ಇಟ್ಟಳು,
ಮನೆಯವರು ಎದ್ದು ಬಂದರೆ ಕಾಣಬಾರದು ಎಂಬಂತೆ.

ಆರನೆಯ ಸಂಜೆ ಪದ್ಮಲತಾ ಅಮ್ಮನ ಫೋನು.
"ಕಿಟಕಿಯಿಂದ ಬೆಟ್ಟ ಕಾಣುತ್ತಾ?
ಕಾಣುತ್ತೆ ಅಂದಿದ್ದನಂತೆ ಆ ಹುಡುಗ,
ಇವರು ಅದನ್ನೇ ಹೇಳೋರು."
ಪರದೆ ಸರಿಸಿದೆ.
ಮಂಜು. ಅದರೊಳಗೆ ಜನರೇಟರ್ ಶೆಡ್ಡಿನ ತಗಡು.
ಇಪ್ಪತ್ತೆಂಟು ವರ್ಷದ ವ್ಯಾಪಾರ ನನ್ನದು,
ಮಾಲಿನ ಮೇಲೆ ಸುಳ್ಳು ಹೇಳಿದವನಲ್ಲ,
ಹೆಚ್ಚು ಕಡಿಮೆ.
"ಪೂರ್ತಿ ಕಾಣುತ್ತೆ ಅಮ್ಮಾ," ಅಂದೆ, "ನೆತ್ತಿತನಕ."

ಏಪ್ರಿಲಿನಲ್ಲಿ ಮುಂದಿನ ಬಿಲ್ಲು ಬಂತು.
ಅದರಲ್ಲಿ ಮಾತ್ರ ನನ್ನ ಹೆಸರು,
ಇಮ್ದಾದ್ ಪಾಷಾ, ತಂದೆಯ ಹೆಸರು ಸಮೇತ,
ಒಂದಕ್ಷರವೂ ತಪ್ಪಿರಲಿಲ್ಲ.