ಬಿಸಿಲಿನ ವೇಳಾಪಟ್ಟಿ

ಬಿಸಿಲು ನಮ್ಮ ಹಿತ್ತಿಲಿಗೆ ಬರುವುದು
ಬೆಳಗ್ಗೆ ಒಂಬತ್ತು ನಲವತ್ತಕ್ಕೆ.
ಗೋಣಿಮರದ ಬುಡ ಮೊದಲ ಸ್ಟಾಪು,
ನಿಂತರೆ ಏಳು ನಿಮಿಷ.
ಆಮೇಲೆ ಬಾವಿಕಟ್ಟೆ, ಆಮೇಲೆ ಹಾಲವಾಣದ ಸಂದಿ,
ಮೂರೂಕಾಲಿಗೆ ಕಡೆಯ ಟ್ರಿಪ್ಪು, ಅದೂ ಮೋಡವಿಲ್ಲದಿದ್ದರೆ.

ಹತ್ತೊಂಬತ್ತು ವರ್ಷ ಮೂಡಿಗೆರೆ ಡಿಪೋದಲ್ಲಿ
ಮೊದಲು ಟಿಕೆಟ್ ಹರಿದು, ಈಗ ಮಷೀನು ಒತ್ತುವವಳು ನಾನು.
ಬೇರೆ ಹೇಗೆ ಬರೆದುಕೊಳ್ಳಲಿ?

ಮೊದಲ ವರ್ಷ ಇದೆಲ್ಲ ಗೊತ್ತಿರಲಿಲ್ಲ.
ಚೆಂಡುಹೂ ಹಾಕಿದೆ, ಸೂರ್ಯಕಾಂತಿ ಹಾಕಿದೆ;
ಉಳಿದದ್ದು ಪ್ಯಾಕೆಟ್ಟಿನ ಮೇಲಿದ್ದ ಬಣ್ಣ.
ಗಿಡಗಳು ಕತ್ತು ಉದ್ದ ಮಾಡಿ ಮಾಡಿ
ಬಾರದ ಬಸ್ಸಿಗೆ ತಿರುವು ನೋಡುವವರ ಹಾಗೆ
ಒಂದೇ ಕಡೆ ವಾಲಿ ಬಿದ್ದುಹೋದವು.

"ನೆರಳಲ್ಲಿ ಹೂವಾಗಲ್ಲಕ್ಕ, ಮರ ತೆಗೆಸಿ" ಎಂದ
ನಮ್ಮ ಡ್ರೈವರ್ ಶಿವರುದ್ರ.
ಮರ ನನ್ನದಲ್ಲ. ಬಾಡಿಗೆ ಮನೆ; ಬೇಲಿಯಾಚೆ
ಅರ್ಧ ಕಾಫಿ, ಅರ್ಧ ಯಾರೂ ಕೇಳದ ಕಾಡು.
ನನ್ನದಾಗಿದ್ದರೂ ತೆಗೆಸುತ್ತಿರಲಿಲ್ಲ, ಬಿಡಿ.
ಗೋಣಿ ಹಣ್ಣಾದಾಗ ಮಂಗಟ್ಟೆಗಳು ಬಂದು ಮಾಡುವ ಗಲಾಟೆ
ಕೇಳಬೇಕು ನೀವು:
ಹೈಸ್ಕೂಲು ಬಿಟ್ಟ ಹೊತ್ತಿನ ಬಸ್ಸು.

ಒಂದು ರಜೆಯ ದಿನ ಕೂತೆ
ಸೋಡಾ ಬಾಟಲಿಯ ಮುಚ್ಚಳ ಗುಡ್ಡೆ ಹಾಕಿಕೊಂಡು.
ಬಿಸಿಲಿನ ಚುಕ್ಕೆ ಬಿದ್ದಲ್ಲೆಲ್ಲ ಒಂದೊಂದು ಇಟ್ಟೆ.
ಹತ್ತಕ್ಕೆ ಕೆಂಪು, ಹನ್ನೆರಡಕ್ಕೆ ಹಳದಿ, ಮೂರಕ್ಕೆ ಹಸಿರು.
ಸಂಜೆ ಸೊಂಟ ಹಿಡಿದು ಎದ್ದು ನೋಡಿದರೆ
ಒಂದೂ ಗಿಡವಿಲ್ಲದ ತೋಟ
ಆಗಲೇ ಅರಳಿತ್ತು.

ಗಿಡಗಳು ಬಂದದ್ದು ಬಸ್ಸಿನ ಕಿಟಕಿಯಿಂದ.
ಬಾಳೂರಿನ ಬೀಪಾತುಮ್ಮ ಪೇಪರಿನಲ್ಲಿ ಸುತ್ತಿ
ಡೇರೆಗೆಡ್ಡೆ ಕೊಟ್ಟರು, ಎರಡೂ ಕೈಯಲ್ಲಿ, ಹಸುಗೂಸು ಕೊಟ್ಟಂತೆ:
"ಹಠಮಾರಿ ಇದು. ಬಿಸಿಲೇ ಬೇಕು."
ಜಾವಳಿಯ ಜೆಸಿಂತಾ ಬಾಯಿ ಹೈಡ್ರೇಂಜಿಯಾ ಕಡ್ಡಿ:
"ನಮ್ಮಲ್ಲಿ ಗುಲಾಬಿ ಬಣ್ಣ. ನಿಮ್ಮಲ್ಲಿ ಏನಾಗುತ್ತೋ."
ಒಬ್ಬ ಹುಡುಗ, ಹಾಫ್ ಟಿಕೆಟ್, ಹೆಸರು ಕೇಳಲಿಲ್ಲ,
ಟಿಫಿನ್ ಡಬ್ಬಿ ತುಂಬ ಕರ್ಣಕುಂಡಲದ ಕಾಯಿ ತಂದು
ಮುಟ್ಟಿದರೆ ಸಿಡಿಯುತ್ತೆ ನೋಡಿ ಎಂದು ತೋರಿಸುತ್ತ
ಅರ್ಧ ಬೀಜ ಬಸ್ಸಿನಲ್ಲೇ ಬಿತ್ತಿದ.

ಲಗೇಜು ಯಾವುದಕ್ಕೂ ಹಾಕಲಿಲ್ಲ ನಾನು.
ಹೆಂಗಸರಿಗೆ ಫ್ರೀ ಇದೆಯಲ್ಲ,
ಇವೂ ಹೆಣ್ಣೇ ಎಂದುಕೊಂಡೆ.
ಚೆಕಿಂಗ್‌ನವರು ಓದಿದರೆ ಓದಲಿ.

ಮುಚ್ಚಳ ನೋಡಿ ಸೀಟು ಕೊಟ್ಟೆ.
ಹಳದಿಗೆ ಡೇರೆ. ಕೆಂಪಿಗೆ ಹೈಡ್ರೇಂಜಿಯಾ.
ಮುಚ್ಚಳವೇ ಇಲ್ಲದ ಕತ್ತಲಿಗೆ ಕರ್ಣಕುಂಡಲ;
ಆಷಾಢದಲ್ಲಿ ಅಲ್ಲಲ್ಲಿ ಕೆಂಪಗೆ ಕಂಡಿತು,
ಯಾರೋ ಮರದಡಿ ನಿಂತು ಬೀಡಿ ಎಳೆದಂತೆ.
ಹೈಡ್ರೇಂಜಿಯಾ ನಮ್ಮ ಮಣ್ಣು ಕುಡಿದು
ನೀಲಿಯಾಯಿತು. ಸ್ಕೂಲ್ ಇಂಕಿನ ನೀಲಿ.
ಫೋನಿನಲ್ಲಿ ಫೋಟೋ ಹಿಗ್ಗಿಸಿ ನೋಡಿ ಜೆಸಿಂತಾ ಬಾಯಿ
"ಇದು ನಾನು ಕೊಟ್ಟಿದ್ದಲ್ಲ" ಅಂತ ಇವತ್ತಿಗೂ ವಾದ.

ಮೊನ್ನೆ ಮೇ ತಿಂಗಳಲ್ಲಿ ಮರಗಸಿಯವರು ಬಂದರು.
ಲೋಕಯ್ಯ ಹಗ್ಗ ಹಾಕಿ ಹಾಲವಾಣ ಏರಿದವನು
ಮಧ್ಯಾಹ್ನದೊಳಗೆ ಆಕಾಶ ಬಿಚ್ಚಿಟ್ಟ.
ಎರಡು ವರ್ಷದ ನನ್ನ ಪಟ್ಟಿ ಅಷ್ಟೂ ಸುಳ್ಳು.
ಸ್ಟಾಪಿಲ್ಲದ ಕಡೆಯೆಲ್ಲ ಬಿಸಿಲು ನಿಂತಿದೆ,
ಸೀಟಿ ಊದಿದರೂ ಹೊರಡುವುದಿಲ್ಲ.
ಆಗಷ್ಟೇ ಎದ್ದಿದ್ದ ಕರ್ಣಕುಂಡಲದ ಸಸಿಗಳು
ಊಟದ ಹೊತ್ತಿಗೆ ಮಲಗಿದ್ದವು.

ಬೈಯಲೆಂದೇ ಬಾಯಿ ತೆರೆದೆ.
ಮೇಲಿನಿಂದ ಅವನೇ ಕೇಳಿದ, ಕತ್ತಿ ಸೊಂಟಕ್ಕೆ ಸಿಕ್ಕಿಸುತ್ತ:
"ಅಕ್ಕಾ, ಹೋದ ವರ್ಷ ನೀಲಿ ಹೂವಾಗಿತ್ತಲ್ಲ ಗಿಡ,
ಅದಕ್ಕೊಂದು ಕೊಂಬೆ ಬಿಡಲಾ?"

ಬಿಟ್ಟ. ಕೊಡೆಯಷ್ಟು ನೆರಳು.
ಅಷ್ಟು ಎತ್ತರದಿಂದ ಅವನು ಹೂ ನೋಡಿದ್ದು ಯಾವಾಗ?

ಈಗ ಮಳೆ, ಬಿಸಿಲಿಗೆ ಬ್ರೇಕ್‌ಡೌನ್.
ಡೇರೆ ಮಾತ್ರ ಬಯಲು ಸಿಕ್ಕ ಸಂತೋಷಕ್ಕೆ
ನನ್ನ ಎದೆಮಟ್ಟ ಬಂದಿದೆ, ಕೋಲು ಕಟ್ಟಬೇಕು.
ಡಿಪೋದಲ್ಲಿ ಬಸ್ ತೊಳೆಯುವ ಚರಂಡಿಯಂಚಿಗೆ
ಎರಡು ಕರ್ಣಕುಂಡಲ ಎದ್ದಿವೆ ಎಂದ ಶಿವರುದ್ರ;
ಮರ ತೆಗೆಸಿ ಎಂದವನೇ ಸುತ್ತ ಇಟ್ಟಿಗೆ ಇಟ್ಟಿದ್ದಾನೆ.
ಹೈಡ್ರೇಂಜಿಯಾ ಮೊಗ್ಗಾಗಿದೆ, ಇನ್ನೂ ಬರೀ ಹಸಿರು.
ಈ ಸಲ ಗುಲಾಬಿಯೇ ಅಂತ ಜೆಸಿಂತಾ ಬಾಯಿ
ಒಂದು ನಾಟಿಕೋಳಿ ಪಂಥ ಕಟ್ಟಿದ್ದಾರೆ.

ಮಳೆ ಬಿಡಲಿ. ಮತ್ತೆ ಕೂರಬೇಕು.
ಮುಚ್ಚಳ ಸಾಲದು ಈ ಬಾರಿ,
ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯವನಿಗೆ ಹೇಳಿಟ್ಟಿದ್ದೇನೆ.