ಕಾಂಟ್ರಾಸ್ಟ್ ನೀವೇ ನೋಡಿ ಹಾಕಿ

ಸೀರೆ ಮಡಿಲಿಗಿಟ್ಟು ಹೋಗುವಾಗ ಎಲ್ಲರದೂ ಒಂದೇ ಮಾತು:
'ಕಾಂಟ್ರಾಸ್ಟ್ ನೀವೇ ನೋಡಿ ಹಾಕಿ.'
ನೋಡುವುದು ಎಲ್ಲಿ?
ಹನುಮಂತನಗರದ ಈ ಎರಡನೇ ಮಹಡಿಯ
ಕಿಟಕಿಗೆ ಎದುರುಮನೆಯ ಗೋಡೆ,
ಗೋಡೆಗೆ ಇನ್ನೂ ಬಣ್ಣ ಹೊಡೆಸಿಲ್ಲ.

ಹಾಗಾಗಿ ಕುಚ್ಚು ಕಟ್ಟುವ ನಾನು
ಮೊದಲು ತಟ್ಟೆ ನೋಡುತ್ತೇನೆ.
ಮುದ್ದೆಯ ಸುತ್ತ ಬಸ್ಸಾರು ಹರಿದು
ಅಂಚಿನಲ್ಲೊಂದು ಗೆರೆ, ಕಂದಿನೊಳಗೆ ಕೆಂಪು.
ಪಿಳ್ಳಪ್ಪನವರ ಸೊಸೆಯ ಕಾಫಿಪುಡಿ ಸೀರೆಗೆ ಹೋದದ್ದು ಅದೇ.
ಮೂಲಂಗಿಯ ಹೆಗಲು: ಬಿಳಿ ಹಸಿರಾಗುವ ಜಾಗ,
ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು.
ಎಂಟು ಎಳೆಯಲ್ಲಿ ಕಟ್ಟಲು ಹೋಗಿ ಸೋತೆ.
ಅಂಗಡಿಯವರು ಈರುಳ್ಳಿ ಬಣ್ಣ ಅಂದುಬಿಡುತ್ತಾರೆ.
ಯಾವ ಈರುಳ್ಳಿ, ಸ್ವಾಮಿ? ಹೊರಸಿಪ್ಪೆಯೋ, ಒಳಪೊರೆಯೋ,
ಉಪ್ಪು ಹಾಕಿ ನಿಂಬೆ ಹಿಂಡಿ ಹತ್ತು ನಿಮಿಷ ಬಿಟ್ಟಿದ್ದೋ?

ತಾರಸಿಯ ಮೇಲೆ ಹದಿಮೂರು ಬಕೆಟ್ಟು,
ಪೇಂಟಿನವು, ತಳಕ್ಕೆ ತೂತು ಕೊರೆದವು.
ಓನರ್ ಮುದ್ದಣ್ಣನವರದು ಒಂದೇ ತಕರಾರು: ಸೋರುತ್ತೆ.
ಸೋರಿದ ತಿಂಗಳು ಅವರ ಮನೆಗೊಂದು ಕಟ್ಟು ದಂಟು.
ಬಕೆಟ್ಟಿನ ಮೇಲೆ ಇನ್ನೂ ಕಂಪನಿಯ ಚೀಟಿ, ಶೇಡ್ ನಂಬರು;
ಒಳಗಿನ ಬಸಳೆ ತನ್ನ ಪಾಡಿಗೆ
ಕಾಂಡಕ್ಕೊಂದು, ಎಲೆಗೊಂದು, ಹಣ್ಣಿಗೊಂದು ಬಳಿದುಕೊಂಡು ಹಬ್ಬಿದೆ.
ಆ ಹಣ್ಣು ಹಿಸುಕಿದ ದಿನ ಸೀರೆ ಮುಟ್ಟುವುದಿಲ್ಲ.
ಒಮ್ಮೆ ಮುಟ್ಟಿ, ಕೆನೆಬಣ್ಣದ ಸೆರಗಿಗೆ ಬೆರಳಚ್ಚು ಬಿದ್ದು
ಎರಡು ಸಾವಿರ ಕಳೆದುಕೊಂಡೆ.
ಬಣ್ಣ ಮಾತ್ರ, ಹೇಳಲೇಬೇಕು, ಚೆನ್ನಾಗಿತ್ತು.

ಹೋದ ಕಾರ್ತೀಕದಲ್ಲಿ ಹೇಮಾವತಿ ಟೀಚರ್ ಬಂದರು,
ಅವರ ತಾಯಿಯ ಸೀರೆ ಹಿಡಿದು,
ಬೂದಿಹಸಿರು, ಮಡಿಕೆಯಲ್ಲಿ ಸವೆದದ್ದು.
ಚಿಕ್ಕಪೇಟೆಯಲ್ಲಿ ಝರೀನಾ ಇಪ್ಪತ್ತು ಲಡಿ ಹರವಿದಳು.
ಹಸಿರಿಗೆ ಮೆರೂನ್, ಹಸಿರಿಗೆ ರಾಣಿ ಪಿಂಕ್, ಗೊತ್ತಿರುವುದೇ.
ಸೀರೆ ಯಾವುದಕ್ಕೂ ಹೂಂ ಅನ್ನಲಿಲ್ಲ.

ಮೂರು ದಿನ ಗಿಡಕ್ಕೆ ನೀರಿಲ್ಲ, ನನಗೆ ಪುರುಸೊತ್ತಿಲ್ಲ.
ನಾಲ್ಕನೇ ದಿನ ಮೇಲೆ ಹತ್ತಿದರೆ
ಎಲೆಮರೆಯಲ್ಲಿ, ಕೊಯ್ಯಲು ಮರೆತ ಒಂದು ಹಾಗಲ
ಹಣ್ಣಾಗಿ, ಮೂರು ಸೀಳಾಗಿ ಬಾಯಿ ಬಿಟ್ಟಿತ್ತು.
ಹೊರಗೆ ಕಿತ್ತಳೆಯೂ ಅಲ್ಲದ ಅರಿಶಿನವೂ ಅಲ್ಲದ ಉರಿ,
ಒಳಗೆ ಬೀಜದ ಮೇಲೆ ಆಗತಾನೆ ನೆಕ್ಕಿಟ್ಟಂಥ ಕೆಂಪು.
ಇಷ್ಟು ವರ್ಷ ಇದನ್ನು ಕಾಯಿಯಲ್ಲೇ ಕೊಯ್ದು
ಉಪ್ಪು ಹಚ್ಚಿ ಕಹಿ ಹಿಂಡಿದ್ದೇನೆ.
ಕೆಳಗೆ ಓಡಿ ಸೀರೆ ತಂದು ಪಕ್ಕಕ್ಕೆ ಹಿಡಿದೆ.
ಬಿಸಿಲಿತ್ತು.

ಕಟ್ಟಿದೆ. ಉರಿಯ ಎಳೆ, ಗಂಟಿನೊಳಗೆ ಒಂದೊಂದು ಕೆಂಪು ಮಣಿ.
ಟೀಚರ್ ಕನ್ನಡಕ ಏರಿಸಿದರು, ಇಳಿಸಿದರು,
'ಸ್ವಲ್ಪ ಜಾಸ್ತಿ ಆಯ್ತೇನೋ, ಅಲ್ವಾ, ಅಮ್ಮನ ಸೀರೆಗೆ' ಅಂದರು.
ಬಿಚ್ಚಿಕೊಡಲಾ ಅಂದೆ.
ಕುಚ್ಚುಗಳನ್ನು ಅಂಗೈಮೇಲೆ ಸುರಿದುಕೊಂಡು
ಬಹಳ ಹೊತ್ತು ಕೂತರು. ಕಾಫಿ ಆರಿತು.
ಕೊನೆಗೆ ಐವತ್ತು ರೂಪಾಯಿ ಕಮ್ಮಿ ಕೊಟ್ಟು
ಹಾಗೇ ತೆಗೆದುಕೊಂಡು ಹೋದರು.

ಬೀಜ ತೊಳೆದು ಪೇಪರಿನ ಮೇಲೆ ಹರವಿದ್ದೇನೆ.
ಕೆಂಪು ನಲ್ಲಿಯಲ್ಲೇ ಹೋಯಿತು.
ಉಳಿದದ್ದು ಮಾಸಲು ಕಂದು,
ಅಂಚಿಗೆ ಯಾರೋ ಕೂತು ಕಸೂತಿ ಹಾಕಿದ ಹಾಗೆ.
ಅದಕ್ಕೆ ಕಾಂಟ್ರಾಸ್ಟ್
ಇನ್ನೂ ಸಿಕ್ಕಿಲ್ಲ.