ಮುಕ್ಕಾಲು ಗಂಟೆ

ಹನ್ನೊಂದು ದಿನಕ್ಕೊಮ್ಮೆ ಅಲ್ಲಿ ಲಾರಿ ನಿಲ್ಲಿಸುತ್ತೇನೆ.
ನಲ್ಲರ್‌ಬೋರ್ ಬಯಲು. ಮರವಿಲ್ಲ, ತಿರುವಿಲ್ಲ,
ಸ್ಟಿಯರಿಂಗು ಹಿಡಿದ ಕೈಗೆ ಕೆಲಸವೂ ಇಲ್ಲ.
ಅಲ್ಲಿನ ಗಡಿಯಾರಕ್ಕೆ ಮಾತ್ರ ತನ್ನದೇ ಹಟ:
ಪರ್ತಿಗಿಂತ ಮುಕ್ಕಾಲು ಗಂಟೆ ಮುಂದೆ,
ಅಡಿಲೇಡಿಗಿಂತ ಮುಕ್ಕಾಲು ಗಂಟೆ ಹಿಂದೆ.
ಊರೆಂದರೆ ಊರೂ ಅಲ್ಲ:
ಎಂಟು ಬಾಡಿಗೆ ಕೋಣೆ, ಎರಡು ಡೀಸೆಲ್ ಪಂಪು,
ಒಂದು ಕಾವಲಿ,
ಮತ್ತು ರೇಲೀನ್.

ಮಾರ್ಚಿನಲ್ಲಿ, ಮೊಟ್ಟೆ ಮಗುಚುತ್ತ ಕೇಳಿದಳು:
‘ಕ್ಲೆಮ್, ನೀನು ಓದಿದವನಾ?’
ರಸ್ತೆಯ ಬೋರ್ಡು ಓದುತ್ತೇನೆ, ಅಂದೆ.
ನಗಲಿಲ್ಲ.
‘ಇಪ್ಪತ್ತೆರಡು ವರ್ಷ ಈ ನೆಲದ ಮೇಲೆ ನಿಂತಿದ್ದೇನೆ.
ಕೆಳಗೆಲ್ಲ ಟೊಳ್ಳಂತೆ. ಸುಣ್ಣದ ಕಲ್ಲಂತೆ.
ಕತ್ತಲೊಳಗೆ ಕೆರೆಗಳಂತೆ.
ಬರೀ ಅಂತೆಗಳ ಮೇಲೆ ಎಷ್ಟು ದಿನ ನಿಲ್ಲುವುದು?’

ಮುಂದಿನ ಸಲ ಹೋದಾಗ ಗಲ್ಲಾದ ಪಕ್ಕ
ರಸೀದಿ ಸುರುಳಿಯ ಬೆನ್ನಿಗೆ ಅವಳ ಅಕ್ಷರ,
ಮೊಳದುದ್ದ, ಎಣ್ಣೆಯ ಬೆರಳಚ್ಚು ಸಮೇತ.
ಯಾವ ವಿಶ್ವವಿದ್ಯಾಲಯ, ಎಷ್ಟು ಶುಲ್ಕ, ಎಷ್ಟು ವರ್ಷ.
‘ಎಲ್ಲರದೂ ಒಂದೇ ಹಾಡು. ನಿಮ್ಮ ಬದುಕಿಗೆ ತಕ್ಕಂತೆ
ಬಾಗುತ್ತೇವೆ, ಬಾಗುತ್ತೇವೆ.
ಎಲ್ಲಿ ಬಾಗುತ್ತಾರೆ ಅಂತ ನೋಡಬೇಕಲ್ಲ.’

ಒಬ್ಬರ ಜಾಹೀರಾತಿನ ಹುಡುಗಿಗೆ ಕಿಟಕಿಯಿತ್ತು,
ಕಿಟಕಿಯಲ್ಲಿ ಕುಂಡ, ಮಡಿಲಲ್ಲಿ ಲ್ಯಾಪ್‌ಟಾಪು.
ಎರಡನೇ ಪಂಪು ಕೆಟ್ಟಿದೆ ಅಂತ
ಅವಳನ್ನು ಯಾರೂ ಕೂಗುವಂತೆ ಕಾಣಲಿಲ್ಲ.
ಅವರ ಪಾಠ ಮಂಗಳವಾರ ನಾಲ್ಕಕ್ಕೆ, ತಪ್ಪಿಸುವಂತಿಲ್ಲ.
ಮಂಗಳವಾರ ನಾಲ್ಕಕ್ಕೇ ಬರುವುದು
ನಿವೃತ್ತರ ಪ್ರವಾಸದ ಬಸ್ಸು; ನಲವತ್ತು ಚಹಾ,
ಒಂದೇ ಶೌಚಾಲಯ.

ಇನ್ನೊಂದು ಎಷ್ಟು ಬಾಗುತ್ತಿತ್ತೆಂದರೆ
ಬೆನ್ನುಮೂಳೆಯೇ ಇರಲಿಲ್ಲ.
ಪರೀಕ್ಷೆಯಿಲ್ಲ, ಮೇಷ್ಟರಿಲ್ಲ,
ಪ್ರಮಾಣಪತ್ರಕ್ಕೆ ಮಾತ್ರ ಬಂಗಾರದ ಅಂಚು.
ಅದನ್ನು ಅವಳು ಎರಡು ಗೆರೆ ಎಳೆದು ಹೊಡೆದಿದ್ದಳು,
ಕಾಗದ ಹರಿಯುವಷ್ಟು.

ಜೂನಿನಲ್ಲಿ ಒಂದು ಕಡೆ ಫೋನು ಮಾಡಿದಳಂತೆ.
‘ರಾತ್ರಿ ಹನ್ನೆರಡರೊಳಗೆ ಉತ್ತರ ಕಳಿಸಬೇಕು ಅಂತಿದೆಯಲ್ಲ,
ಯಾರ ಹನ್ನೆರಡು?’
ಆ ಕಡೆಯ ಹೆಂಗಸು ಸ್ವಲ್ಪ ಸುಮ್ಮನಿದ್ದು,
‘ನಿಮ್ಮಲ್ಲಿ ಈಗೆಷ್ಟು?’ ಅಂದಳು.
ಇವಳು ಹೇಳಿದಳು.
‘ಅಂಥದೊಂದು ಗಂಟೆ ಇದೆಯಾ?’
‘ಇದೆ. ಅದರೊಳಗೆ ನಾವೊಂದಿಷ್ಟು ಜನ ಇದ್ದೇವೆ.’
ಕೀಲಿಗಳ ಟಕಟಕ. ಒಂದು ನಿಟ್ಟುಸಿರು.
‘ನಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿಲ್ಲ.
ಇರಿ, ಕೈಯಲ್ಲೇ ಬರೆದುಕೊಳ್ಳುತ್ತೇನೆ.’

ಅಷ್ಟಕ್ಕೇ ಸೇರಿಬಿಟ್ಟೆಯಾ, ಅಂದೆ.
ಅಷ್ಟಕ್ಕೇ, ಅಂದಳು.
ವರ್ಷಕ್ಕೆರಡೇ ವಿಷಯ. ಪದವಿಗೆ ಹನ್ನೆರಡು ವರ್ಷ.
ನಾನು ಮನಸ್ಸಿನಲ್ಲೇ ಕೂಡಿಸಿದೆ, ಹೇಳಲಿಲ್ಲ.
ಅವಳೂ ಕೂಡಿಸಿದ್ದಳು, ಹೇಳಲಿಲ್ಲ.
ಕಾವಲಿ ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು.

ಹೋದ ವಾರ ಬಾಗಿಲು ತಳ್ಳಿದರೆ
ಕಿವಿಗೆ ಹೆಡ್‌ಫೋನು, ಒಂದು ಬೆರಳು ಮೇಲೆ: ತಾಳು.
ಪರದೆಯಲ್ಲಿ ಯಾರೋ ಬೋಳುತಲೆಯವನು
ಕಲ್ಲಿನ ಪದರಗಳನ್ನು ಚಾಕಿನಲ್ಲಿ ಬರೆಯುತ್ತಿದ್ದ.
ಹೊರಗೆ ನನ್ನ ಎಂಜಿನು ಟಿಕ್ ಟಿಕ್ ಅಂತ ತಣಿಯುತ್ತಿತ್ತು.
ನಾನೇ ಮೊಟ್ಟೆ ಒಡೆದೆ, ಹಳದಿ ಚೆಲ್ಲಿತು.
ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಕಾಯಿಸಿದವರ ಮೇಲೆಲ್ಲ
ರೇಗಿದ್ದೇನೆ. ಅವತ್ತು ಕಾದೆ.

ಆಮೇಲೆ ಟಾರ್ಚು ಹಿಡಿದು
ಜನರೇಟರು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದಳು.
‘ಕಾಲ ಕೆಳಗಿರುವುದನ್ನೇ ಬರೆದು ಕಳಿಸಿ ಅಂದಿದ್ದಾರೆ.’
ಕುರುಚಲ ನಡುವೆ ತಟ್ಟೆಯಗಲದ ಒಂದು ತೂತು.
ಅಂಗೈ ಒಡ್ಡಿದೆ:
ತಣ್ಣಗೆ, ಒಂದೇ ಸಮನೆ, ಒಳಗಿಂದ ಗಾಳಿ.
ಅವಳು ಪುಸ್ತಕ ತೆಗೆದಳು. ದಿನಾಂಕ. ಉಷ್ಣಾಂಶ. ಸಮಯ.
ಯಾವ ಸಮಯ, ಅಂದೆ.
‘ನಮ್ಮದು.’
ಆಮೇಲೆ ನೆಲವನ್ನು ಹಿಮ್ಮಡಿಯಿಂದ ತಟ್ಟಿ,
‘ಟೊಳ್ಳು’ ಅಂದಳು.
ಅಂತೆ ಅನ್ನಲಿಲ್ಲ.

ಚೆಲ್ಲಿದ ಮೊಟ್ಟೆಯ ದುಡ್ಡು ಮಾತ್ರ
ಬಿಡದೆ ವಸೂಲು ಮಾಡಿದಳು.